ಕರಟದ ಉಕುಲೇಲೆ ಮಾಡಿದ್ದೇನೆ, ಹನ್ನೆರಡನೇ ಫ್ರೆಟ್ಟಿಗೆ ಶ್ರುತಿ ಏರುತ್ತಿದೆ, ಹಲಗೆ ಕುಸಿಯುತ್ತಿದೆ

ವೈಂಡಿಂಗ್ ಅಂಗಡಿ, ತಿಪಟೂರು

ಎಲ್ಲರಿಗೂ ನಮಸ್ಕಾರ. ನನ್ನದು ತಿಪಟೂರಿನಲ್ಲಿ ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಅಂಗಡಿ. ಸಂಗೀತ ಕಲಿತವನಲ್ಲ. ಆದರೆ ಇಪ್ಪತ್ತು ವರ್ಷ ಮೋಟರ್ ಸದ್ದು ಕೇಳಿ ಕೇಳಿ ಕಿವಿ ಪಳಗಿದೆ. ಸ್ವಿಚ್ ಹಾಕಿದ ಕೂಡಲೇ ಬೇರಿಂಗ್ ಹೋಗಿದೆಯೋ, ಒಂದು ಫೇಸ್ ಬರುತ್ತಿಲ್ಲವೋ ಗೊತ್ತಾಗುತ್ತದೆ. ಅದಕ್ಕೇ ನಾನು ಮಾಡಿದ ಈ ಉಕುಲೇಲೆಯಲ್ಲಿ (ನಾಲ್ಕು ತಂತಿಯ ಪುಟ್ಟ ಗಿಟಾರ್) ಏನೋ ಸರಿ ಇಲ್ಲ ಅನ್ನುವುದೂ ಮೊದಲ ದಿನವೇ ಗೊತ್ತಾಯಿತು. ಏನು ಅನ್ನುವುದು ಗೊತ್ತಾಗಲಿಲ್ಲ.

ಮಗಳು ಏಳನೇ ಕ್ಲಾಸು. ಬೇಸಿಗೆ ರಜಕ್ಕೆ ಬೆಂಗಳೂರಿಗೆ ಅವಳ ಅತ್ತೆ ಮನೆಗೆ ಹೋದವಳು ಅಲ್ಲಿದ್ದ ಉಕುಲೇಲೆ ನುಡಿಸುವುದು ಕಲಿತು ಬಂದಳು. ವಾದ್ಯ ಅವರದು, ಅಲ್ಲೇ ಬಿಟ್ಟು ಬಂದಳು. ಊರಿಗೆ ಬಂದ ಮೇಲೆ ಮರದ ಸ್ಕೇಲಿನ ಮೇಲೆ ಪೆನ್ಸಿಲ್‌ನಲ್ಲಿ ನಾಲ್ಕು ಗೆರೆ ಎಳೆದುಕೊಂಡು, ಅದರ ಮೇಲೆ ಬೆರಳಿಟ್ಟು ಅಭ್ಯಾಸ ಮಾಡುತ್ತಿದ್ದಳು. ಕೇಳಲೂ ಇಲ್ಲ, ಹಟವನ್ನೂ ಮಾಡಲಿಲ್ಲ. ಅದನ್ನು ನೋಡಿ ನನಗೆ ಸುಮ್ನೆ ಇರುವುದಕ್ಕೆ ಆಗಲಿಲ್ಲ. ಅಂಗಡಿಯಲ್ಲಿ ಒಂದು ಕೊಂಡುಕೊಟ್ಟರೆ ಮುಗಿಯುತ್ತಿತ್ತು ನಿಜ. ಆದರೆ ನಮ್ಮ ಮನೆ ಅಟ್ಟದ ತುಂಬಾ ಕಾಯಿ ಇದೆ, ಅಂಗಡಿಯಲ್ಲಿ ಸಾಮಾನು ಇದೆ. ನಾನೇ ಮಾಡಿಕೊಡಬೇಕು ಅನ್ನಿಸಿತು.

ಅಪ್ಪ ಉಂಡೆ ಕೊಬ್ಬರಿ ಮಾಡುತ್ತಾರೆ. ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಕೂತಿರುತ್ತದೆ. ನೀರು ಆರಿ, ಗಿಟುಕು ಕರಟ ಬಿಟ್ಟು ಒಳಗೆ ಲೊಡಲೊಡ ಅನ್ನುವವರೆಗೂ ಇಳಿಸುವುದಿಲ್ಲ. ಆಮೇಲೆ ಸುಲಿಯುವವರು ಬಂದು ಕರಟವನ್ನು ಒಡೆದು ಗಿಟುಕು ಮಾತ್ರ ಇಡಿಯಾಗಿ ತೆಗೆಯುತ್ತಾರೆ. ಹಾಗಾಗಿ ಇಷ್ಟೊಂದು ಕಾಯಿ ಇರುವ ಊರಿನಲ್ಲಿ ಒಂದು ಪೂರ್ತಿ ಕರಟ ಸಿಗುವುದಿಲ್ಲ! ಸಿಗುವುದೆಲ್ಲ ಚೂರು, ಇದ್ದಿಲಿಗೆ ಹೋಗುತ್ತದೆ.

ನಾನು ಹತ್ತಾರು ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, ಚೆನ್ನಾಗಿ ಬಿಟ್ಟುಕೊಂಡಿರುವ ದೊಡ್ಡದೊಂದು ಆರಿಸಿದೆ. ಸಿಪ್ಪೆ ಸುಲಿದು, ಜುಟ್ಟು ತೆಗೆದು, ಸುತ್ತ ಪೆನ್ಸಿಲ್ ಗೆರೆ ಹಾಕಿದೆ. ಹ್ಯಾಕ್ಸಾ ಬ್ಲೇಡು ಒಂದೇ ಕಡೆ ಆಳಕ್ಕೆ ಇಳಿಸಲಿಲ್ಲ. ಸ್ವಲ್ಪ ಕೊಯ್ಯುವುದು, ಕಾಯಿ ತಿರುಗಿಸುವುದು, ಮತ್ತೆ ಸ್ವಲ್ಪ. ಬ್ಲೇಡು ಒಳಗಿನ ಖಾಲಿಗೆ ತಾಕಿದಾಗ ಸದ್ದು ಬದಲಾಗುತ್ತದೆ, ಕರಕರ ಹೋಗಿ ಹಗುರವಾಗುತ್ತದೆ. ಕಂದು ಪುಡಿಯ ಜೊತೆ ಕೊಬ್ಬರಿ ಎಣ್ಣೆಯ ವಾಸನೆ. ಮುಕ್ಕಾಲು ಗಂಟೆ ಆದ ಮೇಲೆ ಮೇಲಿನ ಟೋಪಿ ಕಳಚಿತು, ಗಿಟುಕು ಅಂಗೈಗೆ ಉರುಳಿತು. ಒಂದು ಗೀರು ಬಿದ್ದಿರಲಿಲ್ಲ. ಅಪ್ಪ ಅದನ್ನು ಒರೆಸಿ ರಾಶಿಗೇ ಹಾಕಿದರು. ಕರಟದ ಒಳಗೆ ಕೆರೆಯುವ ಕೆಲಸವೇ ಇರಲಿಲ್ಲ, ಅಷ್ಟು ನುಣುಪು. ಹಸಿ ಕಾಯಿ ಒಡೆದು ಮಾಡುವವರಿಗೆ ಇದನ್ನು ಹೇಳಬೇಕು ಅಂತಲೇ ಇಷ್ಟು ಬರೆದೆ.

ಅಳತೆ ಇದು. ಕಣ್ಣು ಇರುವ ಕಡೆಯ ಆಳದ ಬಟ್ಟಲು ಇಟ್ಟುಕೊಂಡಿದ್ದೇನೆ. ಬಾಯಿ 9.9 ಸೆಂ.ಮೀ., ಆಳ 7 ಸೆಂ.ಮೀ., ನೀರು ಹೊಯ್ದರೆ 450 ಮಿ.ಲೀ. ಹಿಡಿಯುತ್ತದೆ. ವರ್ನಿಯರ್ ಇಟ್ಟು ನೋಡಿದೆ, ದಪ್ಪ 3.5ರಿಂದ 4 ಮಿ.ಮೀ. ಮೇಲೆ ಮುಚ್ಚಿರುವುದು ಪ್ಯಾಕಿಂಗ್ ಬಾಕ್ಸಿನ ಪೈನ್ ಹಲಗೆ, ಬಡಗಿ ಹತ್ತಿರ 1.5 ಮಿ.ಮೀ.ಗೆ ಹೆರೆಸಿದ್ದು. ಅದರಲ್ಲಿ 40 ಮಿ.ಮೀ. ತೂತು. ಕತ್ತು ಹಳೇ ಕಿಟಕಿ ಚೌಕಟ್ಟಿನ ತೇಗ. ಅದನ್ನು ಕರಟದ ಹೊರಗಿನಿಂದ ಒಂದು ಬೋಲ್ಟ್ ಮತ್ತು ಅರಾಲ್ಡೈಟ್ ಹಾಕಿ ಕೂರಿಸಿದ್ದೇನೆ. ತಂತಿಗಳನ್ನು ಹೊರುವ ಬ್ರಿಡ್ಜನ್ನು ಹಲಗೆ ನಡುವೆ ಅಂಟಿಸಿ ತಂತಿಗಳನ್ನು ಅದಕ್ಕೇ ಕಟ್ಟಿದ್ದೇನೆ. ತಂತಿ ಅಂದರೆ ಗಾಳದ ನೈಲಾನ್ ದಾರ. ಗಿಟಾರ್ ತರಹ ಮೇಲಿನದಕ್ಕೆ ಎಲ್ಲಕ್ಕಿಂತ ದಪ್ಪ, ಆಮೇಲೆ ಇಳಿಸುತ್ತಾ ಬಂದಿದ್ದೇನೆ. ಫ್ರೆಟ್ಟುಗಳು (ಕತ್ತಿನ ಮೇಲೆ ಬೆರಳೊತ್ತುವ ಕಡೆಯ ಅಡ್ಡ ಕಡ್ಡಿಗಳು) 1.6 ಮಿ.ಮೀ. ಹಿತ್ತಾಳೆ ವೆಲ್ಡಿಂಗ್ ಕಡ್ಡಿಯವು. ನಟ್ಟಿನಿಂದ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಡ್ಜಿಗೆ 345 ಮಿ.ಮೀ. ಪ್ರತಿ ಸಲ ಉಳಿದ ಉದ್ದವನ್ನು 17.817ರಿಂದ ಭಾಗಿಸಿ ಫ್ರೆಟ್ ಗುರುತು ಹಾಕಿದೆ.

ಮೂರು ವಾರಕ್ಕೆ ಆಗಿದ್ದು ಇಷ್ಟು. ಖಾಲಿ ತಂತಿ ಶ್ರುತಿಗೆ ಬರುತ್ತದೆ. ಹನ್ನೆರಡನೇ ಫ್ರೆಟ್ ಒತ್ತಿದರೆ ಮೊಬೈಲಿನ ಟ್ಯೂನರ್ 25 ಸೆಂಟ್ (ಶ್ರುತಿಯ ಅಳತೆ) ಜಾಸ್ತಿ ತೋರಿಸುತ್ತದೆ. ಹಲಗೆ ಬ್ರಿಡ್ಜಿನ ಮುಂದೆ ತಗ್ಗಿದೆ, ಬ್ರಿಡ್ಜು ಮುಂದಕ್ಕೆ ವಾಲಿದೆ. ಬೋಲ್ಟಿನ ತೂತಿನಿಂದ ಕಣ್ಣಿನ ಕಡೆಗೆ, ಕರಟದ ಏಣಿನ ಗುಂಟ, ಕೂದಲೆಳೆಯಷ್ಟು ಬಿರುಕು ಬಂದಿದೆ. ಸದ್ದೂ ಸಣ್ಣದು. ಮಗಳು ಮಾತ್ರ ದಿನಾ ನುಡಿಸುತ್ತಾಳೆ. "ಅಪ್ಪಾ, ಅತ್ತೆ ಮನೆಯದರ ಹಾಗೆ ಬರಲ್ಲ, ಬೇರೆ ಥರ ಇದೆ" ಅಂತ ಒಂದು ಸಲ ಹೇಳಿದಳು ಅಷ್ಟೇ.

ಫ್ರೆಟ್ ಲೆಕ್ಕವೇ ತಪ್ಪಾ? ಕರಟ ಬಿಟ್ಟು ಬೇರೆ ಏನಾದರೂ ಹಾಕಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹಲಸಿನ ಹಲಗೆ, ಮಧುಗಿರಿ

ಅಣ್ಣಾ, ನಾನು ಬಡಗಿ. ಹುಡುಗನಾಗಿದ್ದಾಗ ಎರಡು ವರ್ಷ ದೊಡ್ಡಬಳ್ಳಾಪುರದ ಸಿಂಪಾಡಿಪುರದಲ್ಲಿ ವೀಣೆ ಮಾಡುವವರ ಹತ್ತಿರ ಕೆಲಸಕ್ಕಿದ್ದೆ. ಉಕುಲೇಲೆ ಮಾಡಿಲ್ಲ, ಆದರೆ ನಿಮ್ಮ ತೊಂದರೆ ಎಲ್ಲಿದೆ ಅಂತ ಓದುವಾಗಲೇ ಕಂಡಿತು.

ನೀವು ಕರಟದ ಮೇಲೆ ಭಾರ ಹಾಕಿದ್ದೀರಿ. ನಾಲ್ಕು ತಂತಿ ಸೇರಿದರೆ ಎಳೆತ ಹತ್ತು ಕೆ.ಜಿ. ದಾಟುತ್ತದೆ. ಅಷ್ಟನ್ನೂ ಒಂದು ಬೋಲ್ಟಿನ ತೂತು ತಡೆಯಬೇಕು. ಕರಟ ಒತ್ತಿದರೆ ಗಟ್ಟಿ, ಒಂದು ಕಡೆ ಹಿಡಿದು ಎಳೆದರೆ ಏಣಿನ ಗುಂಟ ಸೀಳುತ್ತದೆ. ಮಚ್ಚಿನಲ್ಲಿ ಹೊಡೆಯುವವರಿಗೆ ಅದು ಚೆನ್ನಾಗಿ ಗೊತ್ತು, ಅಲ್ವಾ?

ದಂಡಿಯನ್ನು, ಅಂದರೆ ನೀವು ಕತ್ತು ಅನ್ನುವುದನ್ನು, ಕರಟದೊಳಗೆ ಆ ಕಡೆಯಿಂದ ಈ ಕಡೆಗೆ ತೂರಿಸಿ. ಬಾಯಿಯ ಅಂಚಿನಿಂದ ಸ್ವಲ್ಪ ಕೆಳಗೆ ಎದುರು ಬದುರು ಎರಡು ಚೌಕ ಕಿಂಡಿ ಮಾಡಿ. ಹೊರಗೆ ಎಷ್ಟು ದಪ್ಪ ಬೇಕಾದರೂ ಇರಲಿ, ಒಳಗೆ ಹೋಗುವ ಕಡೆ 20 ಮಿ.ಮೀ. ಅಗಲ, 15 ದಪ್ಪಕ್ಕೆ ಇಳಿಸಿ. ಆ ಕಡೆ ಬೆರಳಗಲ ಹೊರಗೆ ಬರಲಿ. ತಂತಿಗಳನ್ನು ಆ ತುದಿಗೆ ಕಟ್ಟಿ. ವೀಣೆಯಲ್ಲಿ ನಾಗಪಾಶ ಅನ್ನುತ್ತೇವೆ, ತಂತಿ ಕಟ್ಟುವ ಜಾಗ. ಕುದುರೆ ಅಂದರೆ ನಿಮ್ಮ ಬ್ರಿಡ್ಜು. ಕುದುರೆ ಬೇರೆ, ನಾಗಪಾಶ ಬೇರೆ. ನೀವು ಎರಡನ್ನೂ ಒಂದೇ ಮಾಡಿದ್ದೀರಿ, ಅದಕ್ಕೇ ಕುದುರೆ ಮುಂದಕ್ಕೆ ವಾಲಿ ಹಲಗೆಯನ್ನು ತಿರುಚುತ್ತಿದೆ. ಕುದುರೆಯನ್ನು ಅಂಟಿಸಲೇಬೇಡಿ. ತಂತಿಯ ಒತ್ತಡದಲ್ಲೇ ಕೂತಿರುತ್ತದೆ, ಶ್ರುತಿಗೆ ಬೇಕಾದ ಹಾಗೆ ಹಿಂದೆ ಮುಂದೆ ಸರಿಸಬಹುದು.

ಹಲಗೆ 2 ಮಿ.ಮೀ. ಮಾಡಿ. ಎಳೆ ದಂಡಿಯ ದಿಕ್ಕಿಗೇ ಇರಲಿ. ಅಡಿಯಲ್ಲಿ ಕುದುರೆಗಿಂತ ಸ್ವಲ್ಪ ಮುಂದೆ ಎಳೆಗೆ ಅಡ್ಡವಾಗಿ 5 ಮಿ.ಮೀ. ಚೌಕದ ಒಂದು ಕಡ್ಡಿ ಅಂಟಿಸಿ. ಮುಖ್ಯವಾದದ್ದು: ಒಳಗೆ ಹೋಗುವ ದಂಡಿ ಹಲಗೆಗಾಗಲಿ ಕಡ್ಡಿಗಾಗಲಿ ತಾಕಬಾರದು. ನಡುವೆ ಬೆಳಕು ಕಾಣಬೇಕು. ತಾಕಿದರೆ ಹಲಗೆ ಸತ್ತ ಹಾಗೆ. ನಿಮ್ಮ ಮೋಟರ್ ವಾರ್ನಿಷ್ ಕರಟದ ಹೊರಗೆ ಎಷ್ಟು ಬೇಕಾದರೂ ಹಚ್ಚಿ, ಹಲಗೆಗೆ ದಪ್ಪಗೆ ಹಚ್ಚಬೇಡಿ.

ಸೋರೆ ಬಳ್ಳಿ

ಕರಟ ತುಂಬಾ ಚಿಕ್ಕದು ಸರ್. ಒಣಗಿದ ಸೋರೆ ಬುರುಡೆ ಹಾಕಿ. ಕಿನ್ನರಿ ಜೋಗಿಗಳ ಕಿನ್ನರಿಗೆ ಅದೇ ಇರುತ್ತದೆ, ಉತ್ತರದ ತಂಬೂರಿಗೂ ಅದೇ. ಜಾಗ ಜಾಸ್ತಿ, ಸದ್ದು ತುಂಬಿ ಬರುತ್ತದೆ.

ವೈಂಡಿಂಗ್ ಅಂಗಡಿ, ತಿಪಟೂರು

@ಸೋರೆ ಬಳ್ಳಿ, ನೀವು ಹೇಳುವುದು ಸರಿ ಇರಬಹುದು. ಆದರೆ ಈ ಕಾಯಿ ಅಪ್ಪ ನೆಟ್ಟ ಮರದ್ದು, ಮಗಳಿಗೂ ಅದು ಗೊತ್ತು. ಕರಟದಲ್ಲಿ ಆಗುವುದೇ ಇಲ್ಲ ಅಂತಾದರೆ ಮಾತ್ರ ಬುರುಡೆಗೆ ಬರುತ್ತೇನೆ.

@ಹಲಸಿನ ಹಲಗೆ, ಅಣ್ಣಾ, ತುಂಬಾ ಉಪಕಾರ. ಮೋಟರಿನಲ್ಲೂ ಹಾಗೇ, ಶಾಫ್ಟ್ ಎರಡೂ ಕಡೆ ಬೇರಿಂಗಿನಲ್ಲಿ ಕೂತಿರಬೇಕು, ಬಾಡಿ ಮೇಲೆ ಭಾರ ಬೀಳಬಾರದು. ನನಗೆ ಇದು ಹೊಳೆಯಬೇಕಿತ್ತು. ಸದ್ದು ಹೊರಬರುವ ತೂತು ಎಲ್ಲಿ ಇಡಲಿ? ಹಲಗೆ ಇರುವುದೇ ಅಂಗೈಯಷ್ಟು.

ಫಿಸಿಕ್ಸ್ ಮೇಷ್ಟ್ರು, ಚಿಕ್ಕಬಳ್ಳಾಪುರ

ತೂತಿನ ವಿಚಾರಕ್ಕೆ ಬರುತ್ತೇನೆ, ಮೊದಲು ಫ್ರೆಟ್. ನಿಮ್ಮ ಲೆಕ್ಕ ಸರಿ ಇದೆ. 345 ಮಿ.ಮೀ.ಗೆ ಮೊದಲನೆಯದು 19.4, ಐದನೆಯದು 86.5, ಏಳನೆಯದು 114.7, ಹನ್ನೆರಡನೆಯದು ಸರಿಯಾಗಿ ಅರ್ಧ, 172.5 ಬರಬೇಕು. ಇವು ನಟ್ಟಿನಿಂದ ಅಳೆದದ್ದು. ಇಷ್ಟು ಬಂದಿದ್ದರೆ ಫ್ರೆಟ್ ಮುಟ್ಟಬೇಡಿ.

ಈಗ 25 ಸೆಂಟ್. ಒಂದು ಫ್ರೆಟ್ಟಿನ ಅಂತರ 100 ಸೆಂಟ್, ಹಾಗಾಗಿ ಇದು ಕಾಲು ಫ್ರೆಟ್ಟಿನಷ್ಟು ಏರಿಕೆ. ಬ್ರಿಡ್ಜನ್ನು 1 ಮಿ.ಮೀ. ಹಿಂದಕ್ಕೆ ಸರಿಸಿದರೆ ನಿಮ್ಮ ಉದ್ದಕ್ಕೆ ಹನ್ನೆರಡನೇ ಫ್ರೆಟ್ಟಿನಲ್ಲಿ ಸುಮಾರು 5 ಸೆಂಟ್ ಇಳಿಯುತ್ತದೆ. ಅಂದರೆ ಬರೀ ಬ್ರಿಡ್ಜಿನಿಂದ ಸರಿ ಮಾಡಲು 5 ಮಿ.ಮೀ. ಸರಿಸಬೇಕು. ಬ್ರಿಡ್ಜು ವಾಲಿದ್ದರೂ ಅಷ್ಟು ವಾಲಿರುವುದಿಲ್ಲ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ, ಅಳೆದು ಹೇಳಿ.

ವೈಂಡಿಂಗ್ ಅಂಗಡಿ, ತಿಪಟೂರು

ಈಗ ಅಳೆದೆ ಸರ್. 5 ಮಿ.ಮೀ. ಬ್ರಿಡ್ಜು ಮೊದಲಿಗಿಂತ 2 ಮಿ.ಮೀ. ಮುಂದೆ ವಾಲಿದೆ.

ಫಿಸಿಕ್ಸ್ ಮೇಷ್ಟ್ರು, ಚಿಕ್ಕಬಳ್ಳಾಪುರ

ಸಿಕ್ಕಿತು. ವಾಲಿದ್ದಕ್ಕೆ ಸುಮಾರು 10 ಸೆಂಟ್. ಉಳಿದದ್ದು ಎತ್ತರದ್ದು. ತಂತಿಯನ್ನು ಕೆಳಗೆ ಒತ್ತುವಾಗ ಅದು ಸ್ವಲ್ಪ ಉದ್ದವಾಗುತ್ತದೆ, ಬಿಗಿಯಾಗುತ್ತದೆ, ಶ್ರುತಿ ಏರುತ್ತದೆ. ಎತ್ತರ ಅರ್ಧಕ್ಕೆ ಇಳಿಸಿದರೆ ಈ ಏರಿಕೆ ಕಾಲು ಭಾಗಕ್ಕೆ ಇಳಿಯುತ್ತದೆ. 2.5ರಿಂದ 3 ಮಿ.ಮೀ. ಒಳಗೆ ತನ್ನಿ. ಮಗುವಿನ ಬೆರಳಿಗೂ ಹಗುರ. ಮಧುಗಿರಿಯವರು ಹೇಳಿದ ಹಾಗೆ ದಂಡಿ ತೂರಿಸಿದರೆ ಕತ್ತು ಬಾಗುವುದೂ ನಿಲ್ಲುತ್ತದೆ.

ತೂತು. ಖಾಲಿ ಬಾಟಲಿ ಬಾಯಿಗೆ ಊದಿದರೆ ಗೂ ಅನ್ನುತ್ತದಲ್ಲ, ನಿಮ್ಮ ಕರಟಕ್ಕೂ ಅಂಥ ಒಂದು ಸ್ವರ ಇರುತ್ತದೆ. ಒಳಗಿನ ಗಾಳಿ ಜಾಸ್ತಿ ಇದ್ದಷ್ಟೂ ಆ ಸ್ವರ ಇಳಿಯುತ್ತದೆ, ತೂತು ದೊಡ್ಡದಾದಷ್ಟೂ ಏರುತ್ತದೆ. 450 ಮಿ.ಲೀ.ಗೆ 40 ಮಿ.ಮೀ. ತೂತು ಅಂದರೆ ನನ್ನ ಲೆಕ್ಕಕ್ಕೆ 480 ಹರ್ಟ್ಸ್ ಆಸುಪಾಸು. ನಾಲ್ಕರಲ್ಲಿ ಎಲ್ಲಕ್ಕಿಂತ ಏರು ಶ್ರುತಿಯ ನಿಮ್ಮ ಎ ತಂತಿಯೇ 440. ಅಂದರೆ ಕರಟದ ಗಾಳಿ ನಿಮ್ಮ ನಾಲ್ಕೂ ಖಾಲಿ ತಂತಿಗಳ ಮೇಲೆ ಎಲ್ಲೋ ಕೂತಿದೆ, ಯಾವುದಕ್ಕೂ ಬೆನ್ನು ಕೊಡುತ್ತಿಲ್ಲ. ತೂತು 20 ಮಿ.ಮೀ. ಮಾಡಿದರೆ 335 ಹತ್ತಿರ ಬರುತ್ತದೆ, ಇ ತಂತಿ 329.6 ಇರುವ ಕಡೆ. ಅದನ್ನು ಹಲಗೆಯಲ್ಲಿ ಕೊರೆಯಲೇಬೇಕು ಅಂತಿಲ್ಲ. ಕರಟದ ಪಕ್ಕದಲ್ಲಿ, ನುಡಿಸುವವರ ಮುಖದ ಕಡೆಗೆ ಕೊರೆಯಿರಿ. ಹಲಗೆ ಪೂರ್ತಿ ಉಳಿಯುತ್ತದೆ.

ಕರಟ ಬೇಡ ಅಂದವರಿಗೆ ಒಂದು ಮಾತು. ರಾಜಸ್ಥಾನದ ರಾವಣಹತ್ತ ಕರಟದ್ದೇ, ಮೇಲೆ ಆಡಿನ ಚರ್ಮ. ಥಾಯ್ಲೆಂಡಿನ ಸೋ ಊ ಅನ್ನುವ ತಂತಿ ವಾದ್ಯವೂ ಕರಟದ್ದೇ. ಚಿಕ್ಕದು ಅನ್ನುವುದು ನಿಜ, ಆಗುವುದಿಲ್ಲ ಅನ್ನುವುದು ನಿಜ ಅಲ್ಲ.

ಬಂಗಾರಪೇಟೆ ಅಕ್ಕ

ಅಣ್ಣಾ, ನಾನು ಮಕ್ಕಳಿಗೆ ಉಕುಲೇಲೆ ಹೇಳಿಕೊಡುತ್ತೇನೆ. ಮೇಲಿನವರು ಮರದ ಕೆಲಸ ಎಲ್ಲಾ ಚೆನ್ನಾಗಿ ಹೇಳಿದ್ದಾರೆ. ಆದರೆ ನಿಮ್ಮ ಮಗಳು "ಬೇರೆ ಥರ ಇದೆ" ಅಂದಳಲ್ಲ, ಅದಕ್ಕೆ ಕಾರಣ ಯಾರೂ ಹೇಳಲಿಲ್ಲ. ಮೇಲಿನ ತಂತಿಗೆ ಗಿಟಾರ್ ತರಹ ದಪ್ಪ ದಾರ ಹಾಕಿದ್ದೇನೆ ಅಂತ ಬರೆದಿದ್ದೀರಿ. ಅಲ್ಲೇ ಇದೆ.

ಉಕುಲೇಲೆಯಲ್ಲಿ ನುಡಿಸುವವರ ಗದ್ದದ ಕಡೆ ಇರುವ ಜಿ ತಂತಿ ತಗ್ಗಿನದಲ್ಲ. ಅದು 392, ಅದರ ಪಕ್ಕದ ಸಿ 261.6, ಆಮೇಲೆ ಇ 329.6, ಎ 440. ಎಲ್ಲಕ್ಕಿಂತ ತಗ್ಗು ಎರಡನೆಯದು. ಆ ಏರು ಜಿ ಇರುವುದಕ್ಕೇ ಮೇಲಿಂದ ಕೆಳಕ್ಕೆ ಬೆರಳು ಎಳೆದಾಗ ಆ ಕಿಲಕಿಲ ಸದ್ದು ಬರುವುದು. ನೀವು ತಗ್ಗಿನ ಜಿ ಹಾಕಿದ್ದೀರಿ. ಅವಳ ಕಿವಿ ಸರಿಯಾಗಿದೆ. ಅವಳಿಗೆ ಇದನ್ನು ಹೇಳಿ.

ಗಾಳದ ದಾರವೇ ಸಾಕು. ಜಿ ಮತ್ತು ಎ ಎರಡಕ್ಕೂ 0.6 ಮಿ.ಮೀ., ಇ ಗೆ 0.75 ಹತ್ತಿರದ್ದು, ಸಿ ಗೆ 0.9. ನೈಲಾನ್ ಮೊದಲ ಕೆಲವು ದಿನ ಎಳೆದುಕೊಳ್ಳುತ್ತಲೇ ಇರುತ್ತದೆ, ಶ್ರುತಿ ಇಳಿಯುತ್ತಲೇ ಇರುತ್ತದೆ. ಗಾಬರಿ ಆಗಬೇಡಿ, ಫ್ರೆಟ್ ಅಳೆಯಲು ಕೂರಬೇಡಿ. ದಾರ ನಿಂತ ಮೇಲೆ ಕುದುರೆ ಸರಿಸಿ ನೋಡಿ. ಸ್ಟೀಲ್ ತಂತಿ ಮಾತ್ರ ಯಾರು ಹೇಳಿದರೂ ಹಾಕಬೇಡಿ, ಈ ಕತ್ತು ಹಲಗೆ ಎರಡೂ ತಡೆಯುವುದಿಲ್ಲ.

ಇಷ್ಟು ಚಿಕ್ಕ ಹೊಟ್ಟೆಗೆ ಸಿ ಸಪ್ಪೆ ಅನ್ನಿಸಿದರೆ ನಾಲ್ಕೂ ತಂತಿ ಎರಡೆರಡು ಫ್ರೆಟ್ ಏರಿಸಿ ಎ, ಡಿ, ಎಫ್ ಶಾರ್ಪ್, ಬಿ ಮಾಡಿ. ಸಣ್ಣ ಉಕುಲೇಲೆಗೆ ಹಿಂದೆ ಈ ಶ್ರುತಿಯೂ ಬಳಕೆಯಲ್ಲಿತ್ತು. ಬೆರಳಿಡುವ ಜಾಗ ಬದಲಾಗುವುದಿಲ್ಲ, ಅವಳು ಕಲಿತದ್ದು ಕಲಿತ ಹಾಗೇ ಇರುತ್ತದೆ.

ನನ್ನ ಮಕ್ಕಳಿಗೆ ಒಂದು ಕಥೆ ಹೇಳುತ್ತಿರುತ್ತೇನೆ, ನಿಮ್ಮ ಮಗಳಿಗೂ ಹೇಳಿ. 1879ರಲ್ಲಿ ಪೋರ್ಚುಗಲ್ಲಿನ ಮಡೇರಾ ದ್ವೀಪದಿಂದ ಕಬ್ಬಿನ ತೋಟದ ಕೂಲಿಗೆ ಅಂತ ಹವಾಯಿಗೆ ಒಂದು ಹಡಗು ಹೋಯಿತು. ಅದರಲ್ಲಿ ಮೂರು ಜನ ಮರಗೆಲಸದವರಿದ್ದರು. ತಮ್ಮ ಊರಿನ ಪುಟ್ಟ ಗಿಟಾರನ್ನು ನೆನಪಿಟ್ಟುಕೊಂಡು, ಅಲ್ಲೇ ಸಿಗುವ ಕೋವಾ ಮರದಲ್ಲಿ ಮಾಡಲು ಶುರು ಮಾಡಿದರು. ಅದೇ ಉಕುಲೇಲೆ ಆಯಿತು. ಊರಿನಲ್ಲಿ ಸಿಗುವುದರಲ್ಲಿ ಮಾಡಿದ್ದು ಅವರೂ, ಅಲ್ವಾ.

ವೈಂಡಿಂಗ್ ಅಂಗಡಿ, ತಿಪಟೂರು

ಹದಿನೆಂಟು ದಿನ ಆಯಿತು, ಏನಾಯಿತು ಅಂತ ಹೇಳಲೇಬೇಕು.

ಹಳೇದನ್ನು ಬಿಚ್ಚಲಿಲ್ಲ. ಅಟ್ಟದಿಂದ ಇನ್ನೊಂದು ಕಾಯಿ ಇಳಿಸಿದೆ. ಈ ಸಲ ಅಪ್ಪನೇ ಅಲ್ಲಾಡಿಸಿ ಆರಿಸಿಕೊಟ್ಟರು. ಕೊಯ್ದಿದ್ದು ಮಗಳು, ನಾನು ಕಾಯಿ ಹಿಡಿದುಕೊಂಡಿದ್ದೆ. ಚೌಕ ಕಿಂಡಿಗಳನ್ನು ಏಣಿನ ಮೇಲೆ ಬರದ ಹಾಗೆ ಎರಡು ಏಣುಗಳ ನಡುವೆ ಗುರುತು ಮಾಡಿದೆ. ಮೂರು ಏಣು ಇರುವುದರಿಂದ ಎದುರಿನ ಕಿಂಡಿ ಏಣಿಗೆ ಹತ್ತಿರ ಬಂತು. ಆ ಕಡೆ ಒಳಗಿನಿಂದ ತೆಳು ಬಟ್ಟೆಗೆ ಅರಾಲ್ಡೈಟ್ ಸವರಿ ಪಟ್ಟಿ ಹಾಕಿದೆ, ಆಮೇಲೆ ಸಣ್ಣ ಅರದಲ್ಲಿ ಉಜ್ಜಿ ಉಜ್ಜಿ ಕಿಂಡಿ ಬಿಡಿಸಿದೆ. ಬಿರುಕು ಬಂದಿಲ್ಲ. ದಂಡಿಗೂ ಕಡ್ಡಿಗೂ ನಡುವೆ 4 ಮಿ.ಮೀ. ಸಂದು ಇದೆ, ಟಾರ್ಚ್ ಹಾಕಿ ನೋಡಿದೆ.

ತಂತಿ ಕಟ್ಟಲು ದಂಡಿಯ ತುದಿಗೆ ನಾಲ್ಕು ಹಿತ್ತಾಳೆ ಸ್ಕ್ರೂ. ಕುದುರೆ ತೇಗದ್ದು, ಅಂಟಿಲ್ಲ. ಬಂಗಾರಪೇಟೆ ಅಕ್ಕ ಹೇಳಿದ ಹಾಗೆ ದಾರ ಬದಲಿಸಿ, ಐದು ದಿನ ಎಳೆದುಕೊಳ್ಳಲು ಬಿಟ್ಟೆ. ದಿನಾ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಶ್ರುತಿ ಏರಿಸಿ ಹೋಗುತ್ತಿದ್ದೆ. ಆರನೇ ದಿನ ನಿಂತಿತು. ಎತ್ತರ ಈಗ 2.8 ಮಿ.ಮೀ. ಕುದುರೆಯನ್ನು 1 ಮಿ.ಮೀ. ಹಿಂದೆ ಸರಿಸಿದ ಮೇಲೆ ಹನ್ನೆರಡನೇ ಫ್ರೆಟ್ಟಿನಲ್ಲಿ ಎ 4 ಸೆಂಟ್, ಸಿ 7 ಸೆಂಟ್ ಏರು ತೋರಿಸುತ್ತದೆ. ಕುದುರೆಯನ್ನು ಸಿ ಕಡೆ ಒಂಚೂರು ಓರೆ ಮಾಡಿದರೆ ಅದೂ ಇಳಿಯುತ್ತದೆ ಅನ್ನಿಸುತ್ತದೆ, ಭಾನುವಾರ ನೋಡುತ್ತೇನೆ.

ಪಕ್ಕದ 20 ಮಿ.ಮೀ. ತೂತಿನ ಬಗ್ಗೆ ಮೇಷ್ಟ್ರಿಗೆ ವಿಶೇಷವಾಗಿ ಹೇಳಬೇಕು. ಕೊರೆದು ಮುಗಿಸಿದ ಮೇಲೆ ಅದರ ಬಾಯಿಗೆ ಅಡ್ಡವಾಗಿ ಊದಿದೆ. ಟ್ಯೂನರ್ ಇ ಹತ್ತಿರ ನಿಂತಿತು! ನೀವು ನೋಡದ ಕರಟ, ಕಾಗದದ ಲೆಕ್ಕ, ಅಲ್ಲಿಗೇ ಬಂದು ಕೂತಿತು. ಆ ಇ ತಂತಿ ಮೀಟಿದಾಗ ಕರಟ ಹಿಡಿದ ಅಂಗೈಗೆ ಕಂಪನ ಗೊತ್ತಾಗುತ್ತದೆ. ಸಿ ಇನ್ನೂ ಸ್ವಲ್ಪ ಮೆತ್ತಗೇ ಇದೆ. ಎರಡು ಫ್ರೆಟ್ ಏರಿಸಿದ ಶ್ರುತಿಯನ್ನೂ ನುಡಿಸಿ ನೋಡಿದಳು, ಅವಳಿಗೆ ಅದೇ ಇಷ್ಟ ಆಯಿತು. ಹಾಗೇ ಬಿಟ್ಟಿದ್ದೇವೆ. ಜಗಲಿಯಲ್ಲಿ ನುಡಿಸಿದರೆ ಅಡುಗೆ ಮನೆಗೆ ಕೇಳುತ್ತದೆ.

ಅಕ್ಕಾ, ಜಿ ತಂತಿ ಬದಲಿಸಿ ಕೊಟ್ಟ ದಿನ ಅವಳು ಒಂದು ಸಲ ಮೇಲಿಂದ ಕೆಳಕ್ಕೆ ಎಳೆದಳು. ಏನೂ ಹೇಳಲಿಲ್ಲ. ಮತ್ತೆ ಎಳೆದಳು. ಆಮೇಲೆ ಒಳಗೆ ಹೋಗಿ ಅವಳ ಅತ್ತೆಗೆ ಫೋನ್ ಹಚ್ಚಿ, ಮಾತಾಡದೆ ಅದನ್ನೇ ಕೇಳಿಸಿದಳು.

ಇನ್ನು ಮುಂದೆ ಸುಲಿಯುವ ದಿನ ನಾಲ್ಕು ದೊಡ್ಡ ಕಾಯಿ ಪಕ್ಕಕ್ಕೆ ಇಡಿ ಅಂತ ಅಪ್ಪನಿಗೆ ಹೇಳಿದ್ದೇನೆ. ಅಕ್ಕಾ, ನಿಮ್ಮ ಮಕ್ಕಳಿಗೆ ಕೊಯ್ದ ಕರಟ ಬೇಕಿದ್ದರೆ ಇಲ್ಲೇ ತಿಳಿಸಿ. ಗಿಟುಕು ತೆಗೆದು, ಅಂಚು ಉಜ್ಜಿ ಕಳಿಸುತ್ತೇನೆ. ಮಧುಗಿರಿ ಅಣ್ಣನಿಗೆ ಒಂದು ಪ್ರಶ್ನೆ ಉಳಿದಿದೆ: ಹಲಸಿನ ಮರದ ದಂಡಿ ಹಾಕಿದರೆ ತೇಗಕ್ಕಿಂತ ಹಗುರ ಆಗುತ್ತದಾ? ಈ ಕತ್ತು ಸ್ವಲ್ಪ ಭಾರ, ಅವಳ ಎಡಗೈ ಬೇಗ ಸೋಲುತ್ತದೆ.